ಕಾಣದ ಗಾಜನ್ನು ಕೊಟ್ಟ ಕ್ಯಾಥರಿನ್ ಬ್ಲಾಜೆಟ್

ಕನ್ನಡಕದ ಅಂಗಡಿಗೆ ಹೋದವರಿಗೆ ಈಗ ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿಯೊಂದೇ ಸಾಲುವುದಿಲ್ಲ. ಫ್ರೇಮು ಆರಿಸಿಯಾದ ಮೇಲೆ ಕೋಟಿಂಗ್ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಗೀರು ಬೀಳದ ಲೇಪ, ಪ್ರತಿಫಲನ ತಡೆಯುವ ಲೇಪ, ನೀರು ನಿಲ್ಲದ ಲೇಪ, ನೀಲಿ ಬೆಳಕನ್ನು ಸೋಸುವ ಲೇಪ ಎಂದು ಪಟ್ಟಿ ಬೆಳೆಯುತ್ತದೆ. ಒಂದೊಂದಕ್ಕೂ ಬೇರೆ ಬೆಲೆ. ಕಣ್ಣಿಗೆ ಕಾಣದ, ಬೆರಳಿಗೆ ಸಿಗದ ಈ ವಸ್ತುವಿಗೆ ಇಷ್ಟು ಹಣವೇಕೆ ಎಂದು ಗೊಣಗದವರು ವಿರಳ. ಈ ಗೊಣಗಾಟದಲ್ಲಿ ನ್ಯಾಯವೂ ಉಂಟು, ತುಸು ತಿಳಿವಳಿಕೆಯ ಕೊರತೆಯೂ ಉಂಟು. ಅವೆರಡನ್ನು ಬೇರ್ಪಡಿಸಿ ನೋಡಬೇಕಾದರೆ ಗಾಜಿನ ಹೊಳಪನ್ನು ತೆಗೆದು ಗಾಜೇ ಕಾಣದಂತೆ ಮಾಡಿದ ಮಹಿಳೆಯೊಬ್ಬರ ಬಾಳನ್ನು ಅರಿಯುವುದು ಒಳ್ಳೆಯದು. ಆಕೆಯೇ ಅಮೇರಿಕದ ಭೌತವಿಜ್ಞಾನಿ ಕ್ಯಾಥರಿನ್ ಬರ್ ಬ್ಲಾಜೆಟ್.

ತಂದೆಯ ಮುಖ ಕಾಣದ ಮಗು

ನ್ಯೂಯಾರ್ಕ್ ಸಂಸ್ಥಾನದ ಸ್ಕೆನೆಕ್ಟಡಿ ಎಂಬ ಪಟ್ಟಣದಲ್ಲಿ 1898ನೆಯ ಜನವರಿ 10ರಂದು ಕ್ಯಾಥರಿನ್ ಜನಿಸಿದರು. ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಕಾರ್ಖಾನೆಗಳಿಂದ ಬೆಳೆದ ಪಟ್ಟಣ ಅದು. ತಂದೆ ಜಾರ್ಜ್ ಬ್ಲಾಜೆಟ್ ಅದೇ ಕಂಪೆನಿಯ ಪೇಟೆಂಟ್ ವಿಭಾಗದ ಮುಖ್ಯಸ್ಥರು. ಹೊಸ ಶೋಧಗಳ ಹಕ್ಕನ್ನು ಕಾಗದದ ಮೇಲೆ ಭದ್ರಪಡಿಸುವುದು ಅವರ ಉದ್ಯೋಗ. ಮಗಳು ಹುಟ್ಟುವುದಕ್ಕೆ ಕೆಲವು ವಾರಗಳ ಮುಂಚೆ, 1897ರ ಡಿಸೆಂಬರಿನಲ್ಲಿ, ಮನೆಗೆ ನುಗ್ಗಿದ ಕಳ್ಳನ ಗುಂಡಿಗೆ ಅವರು ಬಲಿಯಾದರು.

ಚಿಕ್ಕ ಮಗನನ್ನೂ ಹಸುಗೂಸನ್ನೂ ಕಟ್ಟಿಕೊಂಡ ತಾಯಿ ಆ ಊರಿನಲ್ಲಿ ನಿಲ್ಲಲಿಲ್ಲ. ಮೊದಲು ನ್ಯೂಯಾರ್ಕ್ ನಗರಕ್ಕೆ, 1901ರಲ್ಲಿ ಫ್ರಾನ್ಸಿಗೆ ಹೋದರು. ಮಕ್ಕಳು ಲೋಕ ಕಾಣಬೇಕು, ಬೇರೆ ಭಾಷೆ ಕಲಿಯಬೇಕು ಎಂಬುದು ಆ ತಾಯಿಯ ಹಂಬಲವಾಗಿತ್ತು. 1912ರಲ್ಲಿ ಕುಟುಂಬ ನ್ಯೂಯಾರ್ಕಿಗೆ ಹಿಂತಿರುಗಿತು. ಹದಿನೈದರ ಹರೆಯದಲ್ಲೇ ಕ್ಯಾಥರಿನ್ ವಿದ್ಯಾರ್ಥಿವೇತನ ಪಡೆದು ಬ್ರಿನ್ ಮಾರ್ ಮಹಿಳಾ ಕಾಲೇಜನ್ನು ಸೇರಿದರು. ಅಲ್ಲಿ ಗಣಿತ ಕಲಿಸುತ್ತಿದ್ದ ಷಾರ್ಲೊಟ್ ಸ್ಕಾಟ್ ಹಾಗೂ ಭೌತಶಾಸ್ತ್ರದ ಜೇಮ್ಸ್ ಬಾರ್ನ್ಸ್ ಎಂಬಿಬ್ಬರು ಅಧ್ಯಾಪಕರು ಆಕೆಯ ದಾರಿಯನ್ನು ತಿರುಗಿಸಿದರೆನ್ನಬಹುದು.

ಕಾಲೇಜಿನ ಕೊನೆಯ ವರ್ಷದ ಕ್ರಿಸ್ಮಸ್ ರಜೆಯಲ್ಲಿ ಆಕೆ ತಾನು ಹುಟ್ಟಿದ ಊರಿಗೆ ಹೋದರು. ತಂದೆಯ ಹಳೆಯ ಸಹೋದ್ಯೋಗಿಗಳು ಆಕೆಯನ್ನು ಕಂಪೆನಿಯ ಸಂಶೋಧನಾಲಯದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಅವರಿಗೆ ಪರಿಚಯಿಸಿದರು. ವಿದ್ಯುದ್ದೀಪದ ತಂತಿ ಬೇಗನೆ ಸವೆಯದಂತೆ ಬುರುಡೆಯೊಳಗೆ ಅನಿಲ ತುಂಬುವ ಉಪಾಯವನ್ನು ಕಂಡುಹಿಡಿದ ಮೇಧಾವಿ ಅವರು. ಪ್ರಯೋಗಶಾಲೆಯನ್ನೆಲ್ಲ ಸುತ್ತಾಡಿಸಿ, ಇಲ್ಲಿ ಕೆಲಸ ಬೇಕಿದ್ದರೆ ಇನ್ನೂ ಓದಿ ಬರಬೇಕೆಂದು ಅವರು ಬುದ್ಧಿ ಹೇಳಿ ಕಳುಹಿಸಿದರು. ಹುಡುಗಿ ಆ ಮಾತನ್ನು ಮರೆಯಲಿಲ್ಲ. 1917ರಲ್ಲಿ ಪದವಿ ಪಡೆದು ನೇರವಾಗಿ ಚಿಕಾಗೊ ವಿಶ್ವವಿದ್ಯಾನಿಲಯಕ್ಕೆ ಹೋದರು.

ಅದು ಮೊದಲನೆಯ ಮಹಾಯುದ್ಧದ ಕಾಲ. ವಿಷಾನಿಲದಿಂದ ಸೈನಿಕರನ್ನು ಕಾಪಾಡುವ ಮುಖವಾಡಗಳಲ್ಲಿ ಇದ್ದಲನ್ನು ತುಂಬಿಸುತ್ತಿದ್ದರು. ನಮ್ಮ ಮನೆಯಂಗಳದಲ್ಲಿ ಬಿದ್ದಿರುವ ತೆಂಗಿನ ಗೆರಟೆಯಿಂದ ಮಾಡಿದ ಇದ್ದಲು ಇದಕ್ಕೆ ಅತ್ಯುತ್ತಮವೆಂದು ಆಗ ಹೆಸರಾಗಿತ್ತು. ಇದ್ದಲಿನ ಮೈ ಅನಿಲಗಳನ್ನು ಹೇಗೆ ಹಿಡಿದಿಡುತ್ತದೆ ಎಂಬುದೇ ಕ್ಯಾಥರಿನ್ ಅವರ ಅಧ್ಯಯನದ ವಿಷಯವಾಯಿತು. 1918ರಲ್ಲಿ ಸ್ನಾತಕೋತ್ತರ ಪದವಿಯೊಡನೆ ಸ್ಕೆನೆಕ್ಟಡಿಗೆ ಮರಳಿ ಲ್ಯಾಂಗ್‌ಮ್ಯೂರ್ ಅವರ ಸಹಾಯಕಿಯಾದರು. ಆ ಸಂಶೋಧನಾಲಯ ವಿಜ್ಞಾನಿಯ ಹುದ್ದೆಗೆ ತೆಗೆದುಕೊಂಡ ಮೊದಲ ಮಹಿಳೆ ಆಕೆ. ವಯಸ್ಸು ಇಪ್ಪತ್ತು.

ಆರು ವರ್ಷ ಅಲ್ಲಿ ದುಡಿದ ಮೇಲೆ, ಲ್ಯಾಂಗ್‌ಮ್ಯೂರ್ ಅವರ ಶಿಫಾರಸಿನ ಬಲದಿಂದ 1924ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ ಅರ್ನೆಸ್ಟ್ ರುದರ್‌ಫರ್ಡ್ ಅವರ ಕ್ಯಾವೆಂಡಿಷ್ ಪ್ರಯೋಗಾಲಯವನ್ನು ಸೇರಿದರು. ಪಾದರಸದ ಆವಿಯಲ್ಲಿ ಎಲೆಕ್ಟ್ರಾನುಗಳ ವರ್ತನೆಯನ್ನು ಕುರಿತು ಪ್ರಬಂಧ ಬರೆದು, 1926ರಲ್ಲಿ ಕೇಂಬ್ರಿಜ್‌ನಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದ ಮೊದಲ ಮಹಿಳೆ ಎನಿಸಿಕೊಂಡರು. ಆ ವಿಶ್ವವಿದ್ಯಾನಿಲಯ ಹೆಂಗಸರನ್ನು ಗಂಡಸರಿಗೆ ಸಮನಾದ ಪೂರ್ಣ ಸದಸ್ಯರೆಂದು ಒಪ್ಪಿಕೊಂಡದ್ದು 1948ರಲ್ಲಿ ಎಂಬುದನ್ನು ನೆನೆದರೆ ಆಕೆಯ ಸಾಧನೆಯ ತೂಕ ತಿಳಿದೀತು.

ನೀರಿನ ಮೇಲಿನ ಎಣ್ಣೆ

ನೀರಿನ ಮೇಲೆ ಬಿದ್ದ ಎಣ್ಣೆಯ ಹನಿ ಹರಡಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಎಲ್ಲಿಯವರೆಗೆ ಹರಡೀತು? ಜರ್ಮನಿಯ ಗೃಹಿಣಿ ಆಗ್ನೆಸ್ ಪೊಕೆಲ್ಸ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ನೀರನ್ನು ನೋಡುತ್ತಲೇ ಈ ಪ್ರಶ್ನೆಯನ್ನು ಹಿಡಿದರು. ಕಾಲೇಜಿನ ಮೆಟ್ಟಿಲು ಹತ್ತದ ಆಕೆ ಸ್ವತಃ ಒಂದು ತೊಟ್ಟಿ ಮಾಡಿಕೊಂಡು ಅಳತೆಗಳನ್ನು ತೆಗೆದರು. ಅವು ಲಾರ್ಡ್ ರೇಲೆ ಅವರ ಮೂಲಕ 1891ರಲ್ಲಿ ಪ್ರಕಟವಾದವು. ಎಣ್ಣೆಯ ಪದರ ಒಂದೇ ಒಂದು ಅಣುವಿನ ದಪ್ಪಕ್ಕೆ ಬರುವವರೆಗೂ ಹರಡಬಲ್ಲದು, ಆ ಅಣುಗಳ ಒಂದು ತುದಿ ನೀರನ್ನು ಹಿಡಿದು ಇನ್ನೊಂದು ತುದಿ ಮೇಲಕ್ಕೆ ನಿಂತಿರುತ್ತದೆ ಎಂದು ಮುಂದೆ ತೋರಿಸಿದವರು ಲ್ಯಾಂಗ್‌ಮ್ಯೂರ್. ಮೇಲ್ಮೈಗಳ ರಸಾಯನಶಾಸ್ತ್ರಕ್ಕಾಗಿ ಅವರಿಗೆ 1932ರಲ್ಲಿ ನೊಬೆಲ್ ಬಹುಮಾನ ಸಂದಿತು.

ಗುರು ನೀರಿನ ಮೇಲೆ ಬಿಟ್ಟದ್ದನ್ನು ಶಿಷ್ಯೆ ಗಾಜಿನ ಮೇಲಕ್ಕೆ ಎತ್ತಿದರು. ಸೋಪಿನ ಬಳಗಕ್ಕೆ ಸೇರಿದ ಕೊಬ್ಬಿನ ಆಮ್ಲವನ್ನು ನೀರಿನ ಮೇಲೆ ಹರಡಿ, ಗಾಜಿನ ಹಲಗೆಯನ್ನು ಅದರೊಳಗೆ ಮುಳುಗಿಸಿ ಎತ್ತಿದರೆ ಒಂದು ಅಣುವಿನ ದಪ್ಪದ ಪದರ ಗಾಜಿಗೆ ಅಂಟುತ್ತದೆ. ಮತ್ತೆ ಮುಳುಗಿಸಿದರೆ ಅದರ ಮೇಲೆ ಇನ್ನೊಂದು. ಹೀಗೆ ಬೇಕಾದಷ್ಟು ಪದರಗಳನ್ನು ಎಣಿಸಿ ಎಣಿಸಿ ಏರಿಸಬಹುದೆಂದು ಬ್ಲಾಜೆಟ್ 1934 ಮತ್ತು 1935ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ತೋರಿಸಿಕೊಟ್ಟರು. ಲ್ಯಾಂಗ್‌ಮ್ಯೂರ್-ಬ್ಲಾಜೆಟ್ ಪದರಗಳೆಂದು ಇವು ಇಂದಿಗೂ ಪಾಠಪುಸ್ತಕಗಳಲ್ಲಿವೆ.

ಪದರಗಳು ಹೆಚ್ಚಿದಂತೆ ಗಾಜಿನ ಮೇಲೆ ಬಣ್ಣ ಮೂಡುವುದನ್ನು ಆಕೆ ಗಮನಿಸಿದರು. ಮಳೆಗಾಲದಲ್ಲಿ ಡಾಮರು ರಸ್ತೆಯ ಮೇಲೆ ಚೆಲ್ಲಿದ ಎಣ್ಣೆ ಕಾಮನಬಿಲ್ಲಿನಂತೆ ತೋರುವುದೂ ಇದೇ ಕಾರಣದಿಂದ. ಪದರದ ದಪ್ಪ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ಹಾಗಾದರೆ ಬಣ್ಣವನ್ನು ನೋಡಿಯೇ ದಪ್ಪವನ್ನು ಹೇಳಬಹುದಲ್ಲ! ಆಕೆ ಮೆಟ್ಟಿಲು ಮೆಟ್ಟಿಲಾಗಿ ಬಣ್ಣಗಳನ್ನು ಜೋಡಿಸಿದ ಗಾಜಿನ ಅಳತೆಪಟ್ಟಿಯೊಂದನ್ನು ತಯಾರಿಸಿದರು. ಅಂಗುಲದ ಹತ್ತು ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆ ದಪ್ಪವನ್ನೂ ಬರಿಗಣ್ಣಿನಿಂದ ಅಳೆಯಲು ಇದರಿಂದ ಸಾಧ್ಯವಾಯಿತು.

ನಲವತ್ತನಾಲ್ಕು ಪದರಗಳು

ಗಾಜಿಗೆ ಬಿದ್ದ ಬೆಳಕೆಲ್ಲ ಒಳಹೋಗುವುದಿಲ್ಲ. ಸಾಮಾನ್ಯ ಗಾಜಿನ ಎದುರುಮೈಯಿಂದ ಶೇಕಡಾ 4ಕ್ಕಿಂತ ತುಸು ಹೆಚ್ಚು, ಹಿಂಮೈಯಿಂದ ಮತ್ತೆ ಅಷ್ಟೇ ಬೆಳಕು ಹಿಂದಕ್ಕೆ ಮರಳುತ್ತದೆ. ಒಂದು ಗಾಜಿಗೆ ಇದು ಅಲ್ಪ. ಆದರೆ ಹತ್ತು ಮಸೂರಗಳಿರುವ ದೂರದರ್ಶಕದಲ್ಲಿ ಇಪ್ಪತ್ತು ಮೈಗಳು. ಲೆಕ್ಕ ಹಾಕಿ ನೋಡಿದರೆ ನೂರರಲ್ಲಿ ನಲವತ್ತು ಪಾಲಿನಷ್ಟು ಬೆಳಕು ಮಾತ್ರ ಕಣ್ಣನ್ನು ಮುಟ್ಟುತ್ತದೆ.

ಇದಕ್ಕೆ ಪರಿಹಾರದ ಸುಳಿವು ಹಳೆಯದೇ. ವರ್ಷಗಟ್ಟಲೆ ಗಾಳಿಗೆ ಬಿದ್ದು ಮಾಸಿದ ಮಸೂರ ಹೊಸದಕ್ಕಿಂತ ಹೆಚ್ಚು ಬೆಳಕನ್ನು ಬಿಡುತ್ತದೆ ಎಂಬುದನ್ನು 1892ರಲ್ಲಿ ಇಂಗ್ಲೆಂಡಿನ ಡೆನಿಸ್ ಟೇಲರ್ ಕಂಡಿದ್ದರು. ಕಾರಣ ಅಲೆಗಳ ಆಟ. ಗಾಜಿನ ಮೇಲೆ ತೆಳುವಾದ ಪದರವಿದ್ದರೆ ಬೆಳಕಿನ ಒಂದು ಅಲೆ ಪದರದ ಮೇಲ್ಮೈಯಿಂದ ಮರಳುತ್ತದೆ, ಇನ್ನೊಂದು ಪದರವನ್ನು ದಾಟಿ ಗಾಜನ್ನು ಮುಟ್ಟಿ ಮರಳುತ್ತದೆ. ಪದರದೊಳಗಿನ ತರಂಗದೂರದ ಕಾಲು ಭಾಗದಷ್ಟೇ ಪದರದ ದಪ್ಪವಿದ್ದರೆ, ಎರಡನೆಯ ಅಲೆ ಹೋಗಿ ಬರುವಷ್ಟರಲ್ಲಿ ಅರ್ಧ ಅಲೆಯಷ್ಟು ಹಿಂದೆ ಬೀಳುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಕೂಡಿ ಎರಡೂ ಅಡಗುತ್ತವೆ. ಮರಳಬೇಕಾಗಿದ್ದ ಬೆಳಕು ನಷ್ಟವಾಗುವುದಿಲ್ಲ, ಗಾಜನ್ನು ದಾಟಿ ಮುಂದೆ ಹೋಗುತ್ತದೆ.

ತತ್ತ್ವ ಸರಳ, ಅಳತೆ ಕಠಿನ. ಆದರೆ ಅಣುವಿನ ಲೆಕ್ಕದಲ್ಲಿ ಪದರ ಏರಿಸಬಲ್ಲ ಬ್ಲಾಜೆಟ್ ಅವರಿಗೆ ಈ ಅಳತೆ ಕೈವಶವಾಗಿತ್ತು. ಬೇರಿಯಂ ಸೇರಿದ ಸೋಪಿನ 44 ಪದರಗಳನ್ನು ಅವರು ಗಾಜಿಗೆ ಏರಿಸಿದರು. ಒಟ್ಟು ದಪ್ಪ ಅಂಗುಲದ ಹತ್ತು ಲಕ್ಷದಲ್ಲಿ ನಾಲ್ಕು ಪಾಲು, ತಲೆಗೂದಲಿನ ದಪ್ಪಕ್ಕಿಂತ ನೂರಾರು ಪಟ್ಟು ತೆಳು. ಇಷ್ಟೇ ಸಾಲದು. ಪದರ ಗಾಜಿಗಿಂತ ಸಾಕಷ್ಟು ವಿರಳವಾಗಿಯೂ ಇರಬೇಕು, ಇಲ್ಲವಾದರೆ ಎರಡು ಅಲೆಗಳು ಸಮಬಲವಾಗುವುದಿಲ್ಲ. ಅದಕ್ಕಾಗಿ ಪದರದೊಳಗಿನ ಒಂದಂಶವನ್ನು ದ್ರಾವಕದಲ್ಲಿ ಕರಗಿಸಿ ತೆಗೆದು, ಉಳಿದದ್ದನ್ನು ಜೇನುಗೂಡಿನಂತೆ ಟೊಳ್ಳಾಗಿಸಿದರು. ಹೀಗೆ ಸಿದ್ಧವಾದ ಗಾಜು ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 99ರಷ್ಟನ್ನು ದಾಟಿಸಿತು. 1938ರ ಡಿಸೆಂಬರಿನಲ್ಲಿ ಕಂಪೆನಿ ಈ ಸಂಗತಿಯನ್ನು ಪ್ರಕಟಿಸಿದಾಗ ಪತ್ರಿಕೆಗಳು ಕಾಣದ ಗಾಜು ಎಂದು ಹಾಡಿ ಹೊಗಳಿದವು.

ಆದರೆ ಆ ಗಾಜಿಗೆ ದೊಡ್ಡದೊಂದು ಕೊರತೆಯಿತ್ತು. ಸೋಪಿನ ಪದರ ಬೆರಳಿನಿಂದ ಒರೆಸಿದರೆ ಹೋಗುತ್ತಿತ್ತು. ದಿನಕ್ಕೆ ನಾಲ್ಕು ಸಲ ಪಂಚೆಯ ತುದಿಯಿಂದಲೋ ಸೆರಗಿನಿಂದಲೋ ಉಜ್ಜಿಸಿಕೊಳ್ಳುವ ಕನ್ನಡಕಕ್ಕೆ ಅದು ತಕ್ಕುದಾಗಿರಲಿಲ್ಲ. ಅದೇ ದಿನಗಳಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಕಾರ್ಟ್‌ರೈಟ್ ಮತ್ತು ಟರ್ನರ್ ಎಂಬವರು ಬೇರೊಂದು ಮಾರ್ಗ ಹಿಡಿದರು. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಫ್ಲೋರೈಡ್ ಲವಣಗಳನ್ನು ಕಾಯಿಸಿ ಅವುಗಳ ಆವಿ ಗಾಜಿನ ಮೇಲೆ ಕೂರುವಂತೆ ಮಾಡಿದರು. ಜರ್ಮನಿಯ ಜೈಸ್ ಕಂಪೆನಿಯಲ್ಲಿ ಸ್ಮಾಕುಲ ಎಂಬವರು 1935ರಲ್ಲೇ ಇಂಥ ಲೇಪಕ್ಕೆ ಪೇಟೆಂಟ್ ಕೋರಿದ್ದರು, ಆದರೆ ಅದನ್ನು ಸೇನೆಯ ರಹಸ್ಯವಾಗಿ ಮುಚ್ಚಿಡಲಾಗಿತ್ತು. ಮಾರುಕಟ್ಟೆಯಲ್ಲಿ ಉಳಿದದ್ದು ಈ ಆವಿಯ ವಿಧಾನ.

ಹಾಗೆಂದು ಬ್ಲಾಜೆಟ್ ಅವರ ಪಾಲು ಸಣ್ಣದೆನ್ನಲಾಗದು. ಪ್ರತಿಫಲನವನ್ನು ಹೆಚ್ಚು ಕಡಿಮೆ ಸೊನ್ನೆಗೆ ಇಳಿಸಲು ಸಾಧ್ಯ ಎಂಬುದನ್ನು, ಅದಕ್ಕೆ ಬೇಕಾದ ದಪ್ಪವನ್ನೂ ವಿರಳತೆಯನ್ನೂ ಅಳೆದು, ಎಲ್ಲರ ಕಣ್ಣೆದುರು ತೋರಿಸಿದವರು ಅವರು. 1940ರಲ್ಲಿ ಪೇಟೆಂಟ್ ದೊರೆಯಿತು. ಬಾಳಿನಲ್ಲಿ ಒಟ್ಟು 8 ಪೇಟೆಂಟುಗಳು ಅವರ ಹೆಸರಿನಲ್ಲಾದವು. ಸಂಬಳಕ್ಕೆ ದುಡಿಯುವ ವಿಜ್ಞಾನಿಯ ಶೋಧದ ಹಕ್ಕು ಕಂಪೆನಿಗೆ ಸಲ್ಲುವುದು ಅಲ್ಲಿನ ರೂಢಿ. ತಂದೆ ಕುಳಿತಿದ್ದ ವಿಭಾಗದ ಕಡತಗಳಿಗೆ ಮಗಳ ಕಾಗದಗಳು ಹೀಗೆ ಸೇರಿದವು.

ಯುದ್ಧ, ನಿವೃತ್ತಿ, ಕೊನೆ

ಎರಡನೆಯ ಮಹಾಯುದ್ಧದಲ್ಲಿ ಲೇಪ ಹಚ್ಚಿದ ಮಸೂರಗಳು ಜಲಾಂತರ್ಗಾಮಿಗಳ ಪೆರಿಸ್ಕೋಪಿಗೂ ವಿಮಾನದ ಕ್ಯಾಮೆರಾಗಳಿಗೂ ಏರಿದವು. ಬ್ಲಾಜೆಟ್ ಹೊಗೆಯ ತೆರೆಯಿಂದ ಸೈನ್ಯವನ್ನು ಮರೆಮಾಡುವ ಉಪಾಯ, ವಿಮಾನದ ರೆಕ್ಕೆಗಳಲ್ಲಿ ಮಂಜು ಗಟ್ಟಿಯಾಗದಂತೆ ತಡೆಯುವ ವಿಧಾನ ಮುಂತಾದ ಕೆಲಸಗಳಲ್ಲಿ ತೊಡಗಿದರು. 1951ರಲ್ಲಿ ಅಮೇರಿಕದ ರಸಾಯನಶಾಸ್ತ್ರ ಸಂಘ ಗಾರ್ವನ್ ಪದಕವನ್ನಿತ್ತು ಗೌರವಿಸಿತು. ಅದೇ ವರ್ಷ ಜೂನ್ 13ನ್ನು ಸ್ಕೆನೆಕ್ಟಡಿಯ ಜನ ಬ್ಲಾಜೆಟ್ ದಿನವೆಂದು ಆಚರಿಸಿದರು. ಆಕೆ ಮದುವೆಯಾಗಲಿಲ್ಲ. ಹೂದೋಟ, ನಕ್ಷತ್ರವೀಕ್ಷಣೆ, ಊರಿನ ಹವ್ಯಾಸಿ ನಾಟಕ, ಇವು ಬಿಡುವಿನ ಸಂಗಾತಿಗಳು. 1963ರಲ್ಲಿ ನಿವೃತ್ತರಾಗಿ, 1979ನೆಯ ಅಕ್ಟೋಬರ್ 12ರಂದು ತಮ್ಮ ಮನೆಯಲ್ಲೇ ತೀರಿಕೊಂಡರು. 2007ರಲ್ಲಿ ಅಮೇರಿಕದ ಶೋಧಕರ ಗೌರವ ಪಟ್ಟಿಗೆ ಅವರ ಹೆಸರು ಸೇರಿತು.

ಲೇಪವೂ ವಿಮೆಯೂ

ಆಕೆಯ ಕಾಲದಲ್ಲೇ ಅಮೇರಿಕದಲ್ಲಿ ಇನ್ನೊಂದು ವ್ಯವಸ್ಥೆ ತಲೆಯೆತ್ತಿತು. 1955ರಲ್ಲಿ ಕ್ಯಾಲಿಫೋರ್ನಿಯದ ಕೆಲವು ದೃಷ್ಟಿಪರೀಕ್ಷಕರು ಕೂಡಿ ಕಣ್ಣಿನ ಆರೈಕೆಗೆ ಮುಂಗಡ ಹಣ ಕಟ್ಟುವ ಯೋಜನೆಯೊಂದನ್ನು ಆರಂಭಿಸಿದರು. ಇಂಥ ದೃಷ್ಟಿ ಯೋಜನೆಗಳು ಆಸ್ಪತ್ರೆಯ ವಿಮೆಗಿಂತ ಬೇರೆ. ಕಣ್ಣಿನ ಪರೀಕ್ಷೆ, ಒಂದು ಮಿತಿಯವರೆಗಿನ ಫ್ರೇಮು, ಸಾದಾ ಮಸೂರ, ಇಷ್ಟು ಯೋಜನೆಯ ಲೆಕ್ಕಕ್ಕೆ ಸೇರುತ್ತದೆ. ಲೇಪಗಳು ಹೆಚ್ಚಿನ ಸೌಕರ್ಯ ಎಂಬ ಬೇರೆ ಶಿರೋನಾಮೆಯ ಕೆಳಗೆ ಹೋಗುತ್ತವೆ. ಗೀರು ತಡೆಯುವ ಲೇಪಕ್ಕೆ ಸಾಮಾನ್ಯವಾಗಿ ಸಣ್ಣದೊಂದು ನಿಗದಿತ ಮೊತ್ತವನ್ನು ಸದಸ್ಯರೇ ಕೊಡಬೇಕು. ಪ್ರತಿಫಲನ ತಡೆಯುವ ಲೇಪವನ್ನು ಸಾದಾ, ಉತ್ತಮ, ಅತ್ಯುತ್ತಮ ಎಂದು ತರಗತಿಗಳಾಗಿ ಹಂಚಿ ಒಂದೊಂದಕ್ಕೆ ಒಂದೊಂದು ದರ ಇಡುತ್ತಾರೆ. ಯಾವ ಕಂಪೆನಿಯ ಲೇಪ ಯಾವ ತರಗತಿಗೆ ಎಂಬುದನ್ನು ನಿರ್ಣಯಿಸುವುದು ಯೋಜನೆಯವರ ಪಟ್ಟಿ. ಎಲ್ಲಕ್ಕಿಂತ ಮೇಲಿನ ತರಗತಿಗೆ ಅನೇಕ ಕಡೆ ನಿಗದಿತ ದರವಿಲ್ಲ, ಅಂಗಡಿಯ ಬೆಲೆಯಲ್ಲಿ ಒಂದಿಷ್ಟು ಸೋಡಿ ಮಾತ್ರ.

ಬ್ಲಾಜೆಟ್ ನಿವೃತ್ತರಾದ ಎರಡು ವರ್ಷಗಳ ಬಳಿಕ, 1965ರಲ್ಲಿ, ಅಮೇರಿಕದ ಸರಕಾರ ವೃದ್ಧರಿಗಾಗಿ ಮೆಡಿಕೇರ್ ಎಂಬ ವಿಮೆಯನ್ನು ತಂದಿತು. ಕನ್ನಡಕವನ್ನು ಆ ಕಾನೂನು ಹೊರಗಿಟ್ಟಿತು. ಕಣ್ಣಿನ ಪೊರೆ ತೆಗೆಸಿ ಒಳಗೆ ಕೃತಕ ಮಸೂರ ಇಡಿಸಿಕೊಂಡವರಿಗೆ ಮಾತ್ರ ಒಂದು ಜತೆ ಕನ್ನಡಕ ದೊರೆಯುತ್ತದೆ, ಅದರ ಬೆಲೆಯಲ್ಲಿ ರೋಗಿಯ ಪಾಲು ಶೇಕಡಾ 20. ಆ ಕನ್ನಡಕಕ್ಕೆ ಪ್ರತಿಫಲನ ತಡೆಯುವ ಲೇಪ ಬೇಕಿದ್ದರೆ, ಈ ರೋಗಿಗೆ ಇದು ವೈದ್ಯಕೀಯವಾಗಿ ಅಗತ್ಯವೆಂದು ವೈದ್ಯರು ದಾಖಲೆ ಬರೆದಿಡಬೇಕು. ಗೀರು ತಡೆಯುವ ಲೇಪಕ್ಕೆ ಅಂಥ ದಾಖಲೆಯೂ ನಡೆಯದು, ಹಣ ಕೈಯಿಂದಲೇ. ನಮ್ಮ ದೇಶದಲ್ಲಾದರೋ ಸಾಮಾನ್ಯ ಆರೋಗ್ಯ ವಿಮೆಯ ನಿಯಮಗಳಲ್ಲಿ ಕನ್ನಡಕದ ಬೆಲೆಯೇ ಹೊರಗುಳಿದಿರುವುದರಿಂದ, ಲೇಪದ ಚರ್ಚೆಗೆ ಎಡೆಯೇ ಬಂದಿಲ್ಲ.

ಈ ಗೆರೆ ಎಳೆದದ್ದು ಸರಿಯೇ? ಹಿಂದೆ ಮಸೂರವೆಂದರೆ ಗಾಜು. ಗಾಜಿಗೆ ಸುಲಭವಾಗಿ ಗೀರು ಬೀಳದು. ಇಂದಿನ ಮಸೂರಗಳು ಬಹುಮಟ್ಟಿಗೆ ಪ್ಲಾಸ್ಟಿಕ್ಕು. ಹಗುರ, ಬಿದ್ದರೆ ಸುಲಭಕ್ಕೆ ಒಡೆಯದು, ಆದರೆ ಮೈ ಮೃದು. ಗಟ್ಟಿ ಲೇಪವಿಲ್ಲದಿದ್ದರೆ ಬೇಗನೆ ಮಬ್ಬಾಗುತ್ತದೆ. ದೊಡ್ಡ ನಂಬರಿನವರಿಗಾಗಿ ತೆಳುವಾಗಿ ಮಾಡುವ ವಿಶೇಷ ಪ್ಲಾಸ್ಟಿಕ್ ಮಸೂರಗಳಲ್ಲಿ ಪ್ರತಿಫಲನ ಗಾಜಿಗಿಂತಲೂ ಹೆಚ್ಚು, ಕೆಲವದರಲ್ಲಿ ಎರಡು ಮೈ ಸೇರಿ ಶೇಕಡಾ 12ರ ಹತ್ತಿರ ಬರುತ್ತದೆ. ಅಂದರೆ ಕಣ್ಣು ಹೆಚ್ಚು ಕೆಟ್ಟಷ್ಟು ಲೇಪದ ಅಗತ್ಯವೂ ಹೆಚ್ಚು. ರಾತ್ರಿ ಎದುರು ಬರುವ ಲಾರಿಯ ದೀಪ ಮಸೂರದೊಳಗೆ ಎರಡು ಮೂರಾಗಿ ಕಾಣುವ ಚಾಲಕನಿಗೆ ಇದು ಅಲಂಕಾರವಲ್ಲ. ಹಗಲು ಹೊತ್ತು ತೋಟದಲ್ಲಿ ಓಡಾಡುವ ಸಣ್ಣ ನಂಬರಿನವರಿಗೆ ಇದಿಲ್ಲದೆಯೂ ನಡೆದೀತು. ಎಲ್ಲರಿಗೂ ಸೌಕರ್ಯ ಎಂದು ಒಂದೇ ಶಿರೋನಾಮೆಯಡಿ ತಳ್ಳುವುದೂ ಎಲ್ಲರಿಗೂ ಅಗತ್ಯ ಎಂದು ಕಟ್ಟುವುದೂ ಎರಡೂ ತಪ್ಪೆಂದು ನಮ್ಮ ಅಭಿಪ್ರಾಯ.

ಲೇಪದ ಹೆಸರಿನಲ್ಲಿ ಮಾರುವುದೆಲ್ಲ ಒಂದೇ ತೂಕದ್ದಲ್ಲ ಎಂಬುದನ್ನೂ ಹೇಳಬೇಕು. ನೀಲಿ ಬೆಳಕನ್ನು ಸೋಸುವ ಮಸೂರಗಳ ಮೇಲೆ ನಡೆದ 17 ಪರೀಕ್ಷೆಗಳನ್ನು ಕಾಕ್ರೇನ್ ಸಂಸ್ಥೆ 2023ರಲ್ಲಿ ಒಟ್ಟಾಗಿ ಪರಿಶೀಲಿಸಿತು. ಕಂಪ್ಯೂಟರಿನೆದುರು ಕುಳಿತವರ ಕಣ್ಣಿನ ಆಯಾಸ ಇವುಗಳಿಂದ, ಅಲ್ಪಾವಧಿಯಲ್ಲಾದರೂ, ಕಡಿಮೆಯಾಗುವಂತೆ ತೋರಲಿಲ್ಲ. ಪ್ರತಿಫಲನ ತಡೆಯುವ ಲೇಪದ ಮಾತು ಹಾಗಲ್ಲ. ಅದರ ಗುಣವನ್ನು 1938ರಲ್ಲೇ ಅಳೆದು ತೋರಿಸಲಾಗಿದೆ. ಅಂಗಡಿಯಲ್ಲಿ ಲೇಪವಿಲ್ಲದ ಮಸೂರವನ್ನೂ ಲೇಪವಿರುವುದನ್ನೂ ಅಕ್ಕಪಕ್ಕ ಹಿಡಿದು ಮೇಲಿನ ಟ್ಯೂಬ್‌ಲೈಟಿನ ನೆರಳನ್ನು ನೋಡಿದರೆ ಯಾರಿಗೂ ವ್ಯತ್ಯಾಸ ತಿಳಿಯುತ್ತದೆ. ಒಂದರಲ್ಲಿ ಬಿಳಿಯ ಪಟ್ಟಿ, ಇನ್ನೊಂದರಲ್ಲಿ ಮಂಕಾದ ಹಸಿರು ಇಲ್ಲವೆ ನೇರಳೆ ಛಾಯೆ. ಬ್ಲಾಜೆಟ್ ಅವರ ಬಣ್ಣದ ಅಳತೆಪಟ್ಟಿ ಹೇಳುತ್ತಿದ್ದದ್ದೂ ಇದನ್ನೇ.

ಇಂದಿನ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಮಸೂರವನ್ನು ದ್ರಾವಣದಲ್ಲಿ ಅದ್ದಿ, ಅಳತೆಯ ವೇಗದಲ್ಲಿ ಮೇಲಕ್ಕೆಳೆದು ಗಟ್ಟಿ ಲೇಪ ಕೊಡುತ್ತಾರೆ. ಬಳಿಕ ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಪ್ರತಿಫಲನ ತಡೆಯುವ ಪದರಗಳನ್ನು ಒಂದರ ಮೇಲೊಂದು ಕೂರಿಸುತ್ತಾರೆ. ಎಲ್ಲಕ್ಕಿಂತ ಮೇಲೆ, ನೀರೂ ಬೆರಳಿನ ಜಿಡ್ಡೂ ಹಿಡಿಯದಂತೆ, ಕೆಲವೇ ಅಣುಗಳಷ್ಟು ತೆಳುವಾದ ಕೊನೆಯ ಪದರ. ಹಚ್ಚುವ ವಸ್ತು ರವೆಯಷ್ಟೂ ಇಲ್ಲ. ಗಿರಾಕಿ ಕೊಡುವ ಹಣ ಯಂತ್ರಕ್ಕೆ, ಕೈಕೆಲಸಕ್ಕೆ, ಅಳತೆಯ ನಿಖರತೆಗೆ, ಜತೆಗೆ ಕಂಪೆನಿಯ ಹೆಸರಿಗೆ. ಇದರಲ್ಲಿ ಹೆಸರಿನ ಪಾಲು ಎಷ್ಟೆಂದು ಕೇಳುವ ಹಕ್ಕು ಗಿರಾಕಿಗಿದೆ. ಯಾವ ಲೇಪ, ಯಾವ ಮೈಗೆ, ಎಷ್ಟು ಕಾಲದ ಜವಾಬ್ದಾರಿ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ರಶೀದಿಯಲ್ಲಿ ಬರೆಸಿಕೊಳ್ಳುವುದು ಲೇಸು.

ತಂದೆಯನ್ನು ಕಾಣದೆ ಹುಟ್ಟಿ, ಹೆಂಗಸರಿಗೆ ಬಾಗಿಲು ಅರೆ ತೆರೆದಿದ್ದ ಕಾಲದಲ್ಲಿ ಒಳಹೋಗಿ, ನಲವತ್ತೈದು ವರ್ಷ ಒಂದೇ ಪ್ರಯೋಗಶಾಲೆಯಲ್ಲಿ ನೀರಿನ ತೊಟ್ಟಿಯನ್ನೂ ಗಾಜಿನ ಹಲಗೆಯನ್ನೂ ನಂಬಿ ದುಡಿದ ಕ್ಯಾಥರಿನ್ ಬ್ಲಾಜೆಟ್ ಅವರು ಅಳೆದು ತೋರಿಸಿದ ಬೆಳಕು ನೂರರಲ್ಲಿ ಎಂಟು ಪಾಲು. ಆ ಎಂಟು ಪಾಲು ಯಾರ ಕಣ್ಣಿಗೆ ಬೇಕೇ ಬೇಕೋ ಅವರಿಗೆ ಅದು ಹಣದ ಕೊರತೆಯಿಂದ ತಪ್ಪಬಾರದು. ವಿಮೆಯ ನಿಯಮ ಬರೆಯುವವರು ಎಲ್ಲಿಯವರೇ ಆಗಿರಲಿ, ಕಣ್ಣಿನ ನಂಬರನ್ನೂ ರಾತ್ರಿಯ ದುಡಿಮೆಯನ್ನೂ ನೋಡಿ ಗೆರೆ ಎಳೆಯುವುದು ನ್ಯಾಯವೆಂದು ನಾವು ತಿಳಿಯುತ್ತೇವೆ.